ಎಳೆಯುವ ಚಕ್ರ ಯಾವುದು: ಸಣ್ಣ ಕಾರನ್ನು ಗುರುತಿಸಿ, ಏರಿಸಿ, ನೋಡಿಕೊಳ್ಳುವ ಬಗೆ

ಎಂಜಿನ್ನಿನ ಶಕ್ತಿ ಕೊನೆಗೆ ನೆಲ ಮುಟ್ಟುವುದು ಟೈರಿನ ಮೂಲಕವೇ. ನಾಲ್ಕರಲ್ಲಿ ಯಾವ ಎರಡು ಟೈರಿಗೆ ಆ ಕೆಲಸ ಬಿದ್ದಿದೆ ಎಂಬುದನ್ನು ತಿಳಿದುಕೊಂಡರೆ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ: ಲಗೇಜ್ ಎಲ್ಲಿಡಬೇಕು, ಕೆಸರಿನ ಏರಿನಲ್ಲಿ ಚಕ್ರ ಯಾಕೆ ಸುಮ್ಮನೆ ತಿರುಗುತ್ತದೆ, ತಿರುವಿನಲ್ಲಿ ಕೇಳುವ ಟಕಟಕ ಸದ್ದು ಯಾವ ಭಾಗದ್ದು, ಕೆಟ್ಟು ನಿಂತ ಗಾಡಿಯ ಯಾವ ತುದಿಯನ್ನು ಎತ್ತಿ ಎಳೆಯಬೇಕು. ಇಷ್ಟನ್ನೂ ಮೆಕ್ಯಾನಿಕ್‌ಗೆ ಬಿಟ್ಟುಬಿಡುವ ಅಗತ್ಯವಿಲ್ಲ. ಗಾಡಿ ಓಡಿಸುವವರೇ ತಿಳಿದಿರಬೇಕಾದ ವಿಷಯ ಇದು.

ನಿಮ್ಮದು ಯಾವುದು?

ಬಾನೆಟ್ ಎತ್ತಿ ಎಂಜಿನ್ನಿನ ಬೆಲ್ಟ್ ಮತ್ತು ಪುಲ್ಲಿ ಯಾವ ಕಡೆಗಿವೆ ನೋಡಿ. ಎಡ ಅಥವಾ ಬಲ ಚಕ್ರದ ಕಡೆಗೆ ಮುಖ ಮಾಡಿದ್ದರೆ ಎಂಜಿನ್ ಅಡ್ಡಲಾಗಿ ಕೂತಿದೆ ಎಂದರ್ಥ. ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಹೀಗಿದ್ದರೆ ಅದು ಮುಂದಿನ ಚಕ್ರ ಎಳೆಯುವ ಗಾಡಿ. ಆಲ್ಟೋ, ವ್ಯಾಗನ್‌ಆರ್, ಸ್ವಿಫ್ಟ್, ಟಿಯಾಗೊ, ಐ10, ಕ್ವಿಡ್ ಎಲ್ಲವೂ ಈ ಜಾತಿಯವು. ಬೆಲ್ಟ್ ರೇಡಿಯೇಟರ್ ಕಡೆಗೆ ಮುಖ ಮಾಡಿದ್ದರೆ ಎಂಜಿನ್ ಉದ್ದಕ್ಕೆ ಕೂತಿದೆ. ಆಗ ಗಾಡಿಯ ಹಿಂದೆ ಹೋಗಿ, ಬಗ್ಗಿ ಅಡಿಗೆ ನೋಡಿ. ಎರಡು ಹಿಂದಿನ ಚಕ್ರಗಳ ನಡುವೆ ದಪ್ಪ ಕಬ್ಬಿಣದ ಹೌಸಿಂಗ್, ಅದರ ಮಧ್ಯೆ ದುಂಡಗಿನ ಉಬ್ಬು, ಅದಕ್ಕೆ ಮುಂದಿನಿಂದ ಬಂದು ಸೇರುವ ಉದ್ದನೆಯ ಪೈಪಿನಂಥ ಶಾಫ್ಟ್ ಕಂಡರೆ ಅದು ಹಿಂದಿನ ಚಕ್ರ ತಳ್ಳುವ ಗಾಡಿ. ಆ ಉಬ್ಬು ಡಿಫರೆನ್ಷಿಯಲ್ (ಎರಡು ಕಡೆಗೂ ಬಲ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ), ಆ ಪೈಪು ಪ್ರೊಪೆಲ್ಲರ್ ಶಾಫ್ಟ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಇದೇ ಇತ್ತು. ಮಾರುತಿ ಓಮ್ನಿಯಲ್ಲಿ ಇತ್ತು, ಈಗಿನ ಈಕೋದಲ್ಲೂ ಇದೆ. ಈ ಎರಡು ವ್ಯಾನ್‌ಗಳಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಗಿರುವುದರಿಂದ ಬಾನೆಟ್ ನೋಡಿ ಹೇಳಲಾಗದು, ಅಡಿಗೇ ನೋಡಬೇಕು.

ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣದೆ ಸ್ಟೆಪ್ನಿ ಕಂಡರೆ ಅದು ಟಾಟಾ ನ್ಯಾನೊ. ಅದರ 624 ಸಿಸಿ ಎಂಜಿನ್ ಹಿಂದೆ ಇದೆ, ಎಳೆಯುವ ಚಕ್ರಗಳೂ ಹಿಂದಿನವೇ. ಎಲೆಕ್ಟ್ರಿಕ್ ಕಾರುಗಳಲ್ಲಿ ಹೊರಗಿನ ನೋಟದಿಂದ ಹೇಳುವುದು ಕಷ್ಟ. ಟಿಯಾಗೊ ಇವಿಯಲ್ಲಿ ಮೋಟರ್ ಮುಂದೆ, ಎಂಜಿ ಕಾಮೆಟ್‌ನಲ್ಲಿ ಹಿಂದೆ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕೂಡ ಹಿಂದಿನ ಚಕ್ರದ ಗಾಡಿಯಾಗಿತ್ತು.

ಮುಂದಿನ ಚಕ್ರವೇ ಯಾಕೆ ಗೆದ್ದಿತು

1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿನಿ ಕಾರಿನಲ್ಲಿ ಅದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿ ಕೂರಿಸಿದರು, ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಅದೇ ಆಯಿಲ್‌ನಲ್ಲಿ ಮುಳುಗಿಸಿಟ್ಟರು. ಸುಮಾರು ಮೂರು ಮೀಟರ್ ಉದ್ದದ ಗಾಡಿಯಲ್ಲಿ ನಾಲ್ಕು ಜನ ಕೂರುವ ಜಾಗ ಸಿಕ್ಕಿತು. ಆದರೆ ಎಂಜಿನ್‌ಗೂ ಗೇರಿಗೂ ಒಂದೇ ಆಯಿಲ್ ಎಂಬುದು ದೀರ್ಘ ಬಾಳಿಕೆಗೆ ಒಳ್ಳೆಯದಾಗಿರಲಿಲ್ಲ. ಇಟಲಿಯ ಫಿಯಟ್ ಕಂಪನಿಯ ಎಂಜಿನಿಯರ್ ದಾಂತೆ ಜಾಕೋಸಾ ಗೇರ್‌ಬಾಕ್ಸನ್ನು ಎಂಜಿನ್ನಿನ ಪಕ್ಕಕ್ಕೆ, ಒಂದರ ತುದಿಗೆ ಇನ್ನೊಂದು ಬರುವಂತೆ ಜೋಡಿಸಿದರು. 1964ರ ಆಟೋಬಿಯಾಂಕಿ ಪ್ರಿಮುಲಾ, 1969ರ ಫಿಯಟ್ 128 ಹಾಗೆ ಬಂದವು. ಇಂದು ನಮ್ಮ ಮನೆ ಮುಂದೆ ನಿಂತಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಆ ಜೋಡಣೆಯವೇ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಇದನ್ನು ನಮ್ಮ ಊರೂರಿಗೆ ತಲುಪಿಸಿತು.

ಉದ್ದನೆಯ ಶಾಫ್ಟ್ ಇಲ್ಲ, ಹಿಂದೆ ಭಾರದ ಹೌಸಿಂಗ್ ಇಲ್ಲ, ಕಾಲಿಡುವಲ್ಲಿ ಉಬ್ಬು ಕಡಿಮೆ, ತಯಾರಿಕೆ ಅಗ್ಗ. ಪೇಟೆಯಲ್ಲಿ ಒಬ್ಬರಿಬ್ಬರು ಓಡಾಡುವ ಕಾರಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ಇದರ ದೌರ್ಬಲ್ಯ ಕಾಣುವುದು ಗಾಡಿ ತುಂಬಿದಾಗ, ಅದೂ ಏರಿನಲ್ಲಿ.

ಏರಿನ ಲೆಕ್ಕ

850 ಕೆಜಿಯ, ಮುಂದಿನ ಚಕ್ರ ಎಳೆಯುವ ಒಂದು ಕಾರನ್ನು ತೆಗೆದುಕೊಳ್ಳೋಣ. ಖಾಲಿ ಇದ್ದಾಗ ಅದರ ಭಾರದಲ್ಲಿ ಸುಮಾರು ಶೇ 62 ಮುಂದಿನ ಚಕ್ರಗಳ ಮೇಲಿರುತ್ತದೆ, ಅಂದರೆ 527 ಕೆಜಿ. ಈಗ ತಲಾ 65 ಕೆಜಿಯ ಐದು ಜನ ಹತ್ತಿ, ಡಿಕ್ಕಿಯಲ್ಲಿ 50 ಕೆಜಿ ಸಾಮಾನು ಇಟ್ಟರೆ ಒಟ್ಟು 1,225 ಕೆಜಿ. ಹಿಂದಿನ ಸೀಟು ಹಿಂದಿನ ಚಕ್ರಕ್ಕೆ ಹತ್ತಿರ ಇರುವುದರಿಂದ ಹೆಚ್ಚಿದ ಭಾರ ಬಹುಪಾಲು ಹಿಂದಕ್ಕೇ ಬೀಳುತ್ತದೆ. ಡಿಕ್ಕಿಯ ಸಾಮಾನು ಹಿಂದಿನ ಚಕ್ರದ ಆಚೆ ಇರುವುದರಿಂದ ಮುಂದಿನ ಭಾರವನ್ನು ತುಸು ಕಡಿಮೆಯೇ ಮಾಡುತ್ತದೆ. ಕೂಡಿಸಿ ಕಳೆದರೆ ಮುಂದಿನ ಚಕ್ರಗಳ ಪಾಲು ಶೇ 51ರ ಆಸುಪಾಸಿಗೆ ಇಳಿಯಿತು.

ಇನ್ನು ಆರಡಿಗೆ ಒಂದಡಿ ಏರುವ ದಾರಿ. ಮಲೆನಾಡಿನಲ್ಲಿ ಟಾರು ರಸ್ತೆಯಿಂದ ಮನೆಯಂಗಳಕ್ಕೆ ಹೋಗುವ ಎಷ್ಟೋ ದಾರಿಗಳು ಇಷ್ಟು ಕಡಿದಾಗಿರುತ್ತವೆ. ಚಕ್ರಗಳ ನಡುವಿನ ಅಂತರ 2.4 ಮೀಟರ್, ಗಾಡಿಯ ಭಾರದ ಕೇಂದ್ರ ನೆಲದಿಂದ 55 ಸೆಂ.ಮೀ. ಎಂದಿಟ್ಟುಕೊಂಡರೆ ಈ ಏರಿನಲ್ಲಿ ಇನ್ನೂ ಶೇ 4ರಷ್ಟು ಭಾರ ಹಿಂದಕ್ಕೆ ಸರಿಯುತ್ತದೆ. ಮುಂದೆ ಉಳಿದದ್ದು ಶೇ 47. ಏರಲು ಬೇಕಾದ ಎಳೆತ ಭಾರದ ಆರನೇ ಒಂದು ಪಾಲು, ಅಂದರೆ 0.167. ಅದನ್ನು 0.47ರಿಂದ ಭಾಗಿಸಿದರೆ 0.35. ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆಯ ಗುಣಾಂಕ ಕನಿಷ್ಠ ಅಷ್ಟಿರಬೇಕು. ಒಣ ಟಾರಿನಲ್ಲಿ ಅದು 0.7ರ ಸುತ್ತ ಇರುತ್ತದೆ, ನೆನೆದ ಒಳ್ಳೆಯ ಟಾರಿನಲ್ಲಿ 0.5ರಷ್ಟು. ಚಿಂತೆಯಿಲ್ಲ. ನೆನೆದ ಕೆಮ್ಮಣ್ಣಿನಲ್ಲಿ, ಪಾಚಿ ಕಟ್ಟಿದ ಕಾಂಕ್ರೀಟಿನಲ್ಲಿ ಅದು 0.3ಕ್ಕಿಂತ ಕೆಳಗೆ ಹೋಗಬಹುದು. ಅಲ್ಲಿಗೆ ಗಾಡಿ ನಿಂತಿತು.

ಈಗ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಚಾಲಕರೊಬ್ಬರನ್ನು ಬಿಟ್ಟು ಉಳಿದವರು ಇಳಿದು ನಡೆದರೆ, ಸಾಮಾನನ್ನೂ ಇಳಿಸಿದರೆ ಮುಂದಿನ ಪಾಲು ಏರಿನಲ್ಲೂ ಶೇ 57–58 ಇರುತ್ತದೆ. ಬೇಕಾಗುವ ಹಿಡಿತ 0.29ಕ್ಕೆ ಇಳಿಯುತ್ತದೆ. ಎಲ್ಲರೂ ಇಳಿಯುವಂತಿಲ್ಲದಿದ್ದರೆ ಹಿಂದಿನ ಸೀಟಿನವರು ಮಾತ್ರ ಇಳಿಯಲಿ, ಮುಂದೆ ಕೂತವರು ಕೂತೇ ಇರಲಿ. ಡಿಕ್ಕಿಯ ಅಕ್ಕಿಮೂಟೆಯನ್ನು ಮುಂದಿನ ಸೀಟಿನ ಕಾಲಬಳಿಗೆ ತಂದಿಡಿ.

ಇನ್ನೊಂದು ಉಪಾಯ, ರಿವರ್ಸ್‌ನಲ್ಲಿ ಹತ್ತುವುದು. ಗಾಡಿಯ ಹಿಂಭಾಗ ಮೇಲಕ್ಕೆ, ಮುಂಭಾಗ ಕೆಳಕ್ಕೆ ಇದ್ದಾಗ ಏರು ಕಸಿದುಕೊಳ್ಳುತ್ತಿದ್ದ ಶೇ 4 ಈಗ ಮುಂದಿನ ಚಕ್ರದ ಕಡೆಗೇ ಬರುತ್ತದೆ. ತುಂಬಿದ ಗಾಡಿಯಲ್ಲೂ ಮುಂದಿನ ಪಾಲು ಶೇ 55, ಬೇಕಾದ ಹಿಡಿತ 0.30. ರಿವರ್ಸ್ ಗೇರು ಹೆಚ್ಚುಕಡಿಮೆ ಮೊದಲ ಗೇರಿನಷ್ಟೇ ಬಲದ್ದು, ಆದ್ದರಿಂದ ಎಳೆತಕ್ಕೆ ಕೊರತೆಯಿಲ್ಲ. ಇದು ಸ್ವಂತ ಅಂಗಳಕ್ಕೆ, ತೋಟದ ದಾರಿಗೆ ಹೇಳುವ ಮಾತು, ಘಾಟಿ ರಸ್ತೆಗೆ ಅಲ್ಲ. ದಾರಿ ತೋರಿಸುವವರು ಗಾಡಿಯ ಪಕ್ಕಕ್ಕೆ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಗಾಡಿಯ ಕೆಳಗಡೆ, ಅದು ಜಾರಿದರೆ ಬರುವ ದಾರಿಯಲ್ಲಿ ಯಾರೂ ನಿಲ್ಲಬಾರದು.

ಚಕ್ರ ತಿರುಗಲು ಶುರುವಾದರೆ ಆಕ್ಸಿಲರೇಟರ್ ಒತ್ತುವುದು ತಪ್ಪು. ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಬಲ ಹಂಚುತ್ತದೆ, ಜಾರುವ ಚಕ್ರ ಎಷ್ಟು ಹಿಡಿಯಬಲ್ಲುದೋ ಅಷ್ಟೇ ಬಲ ಇನ್ನೊಂದಕ್ಕೂ ಸಿಗುತ್ತದೆ. ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಮಾಡಿ, ಕೆಳಗೆ ಸಮತಟ್ಟಿಗೆ ಇಳಿದು, ಮೊದಲ ಗೇರಿನಲ್ಲಿ ನಿಧಾನದ ಒಂದೇ ಓಟದಲ್ಲಿ ಮತ್ತೆ ಪ್ರಯತ್ನಿಸಿ. ಏರಿನ ಮಧ್ಯೆ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಬಿಡಿ. ಒಂದೇ ಮಧ್ಯಾಹ್ನದಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರಲು ಅಷ್ಟು ಸಾಕು. ಹ್ಯಾಂಡ್‌ಬ್ರೇಕ್ ಇರುವುದೇ ಅದಕ್ಕೆ.

ಹ್ಯಾಂಡ್‌ಬ್ರೇಕ್ ವಿಷಯದಲ್ಲೂ ಜೋಡಣೆಯ ವ್ಯತ್ಯಾಸವಿದೆ. ಈ ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಮುಂದಿನ ಚಕ್ರ ಎಳೆಯುವ ಗಾಡಿಯನ್ನು ಇಳಿಜಾರಿನಲ್ಲಿ ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರೆ ನಾಲ್ಕೂ ಚಕ್ರ ಹಿಡಿದಂತಾಯಿತು. ಈಕೋ, ನ್ಯಾನೊಗಳಲ್ಲಿ ಗೇರು, ಬ್ರೇಕು ಎರಡೂ ಹಿಂದಿನ ಚಕ್ರವನ್ನೇ ಹಿಡಿಯುತ್ತವೆ. ಆ ಎರಡು ಟೈರು ಜಾರಿದರೆ ಮುಂದಿನವು ತಡೆಯುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಇಂಥ ಗಾಡಿಗೆ ಚಕ್ರದಡಿ ಕಲ್ಲು ಕೊಡುವುದು ಕಡ್ಡಾಯ ಎಂದೇ ತಿಳಿಯಿರಿ.

ಆಕ್ಸಲ್ ಬೂಟು: ನೂರರ ಕೆಲಸ ಸಾವಿರಕ್ಕೆ ಹೋಗುವ ಜಾಗ

ಮುಂದಿನ ಚಕ್ರ ತಿರುಗಲೂ ಬೇಕು, ಎಳೆಯಲೂ ಬೇಕು. ಅದಕ್ಕಾಗಿ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬರುವ ಪ್ರತಿ ಆಕ್ಸಲ್‌ನ ಎರಡೂ ತುದಿಗೆ ಸಿವಿ ಜಾಯಿಂಟ್ (ಬಾಗಿದಾಗಲೂ ಒಂದೇ ವೇಗದಲ್ಲಿ ತಿರುಗಿಸುವ ಕೀಲು) ಇರುತ್ತದೆ. ಹೊರಗಿನದರಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಒಳಗಿನದರಲ್ಲಿ ಮೂರು ರೋಲರ್‌ಗಳು. ಇವುಗಳ ಮೇಲೆ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಬೂಟು, ಒಳಗೆ ಗ್ರೀಸು. ಬೂಟು ಹರಿದರೆ ಚಕ್ರ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ, ಮರಳು, ನೀರು ಒಳಗೆ ಹೋಗುತ್ತವೆ. ಮಳೆಗಾಲದಲ್ಲಿ ಕೆಲವೇ ವಾರ ಸಾಕು, ಜಾಯಿಂಟ್ ಹಾಳು.

ಐದು ಸಾವಿರ ಕಿ.ಮೀ.ಗೊಮ್ಮೆ ನೀವೇ ನೋಡಬಹುದು. ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ, ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ಆರಿಸಿ. ಚಕ್ರದ ಹಿಂದೆ ಟಾರ್ಚ್ ಬಿಡಿ. ಬೂಟಿನ ಮಡಿಕೆಗಳ ತಳದಲ್ಲಿ ಬಿರುಕು ಇದೆಯೇ, ಕ್ಲಾಂಪ್ ಸಡಿಲವಾಗಿದೆಯೇ ಬೆರಳಿನಿಂದ ಒತ್ತಿ ನೋಡಿ. ರಿಮ್ಮಿನ ಒಳಮೈಯಲ್ಲಿ, ಸಸ್ಪೆನ್ಷನ್ ತೋಳಿನ ಮೇಲೆ ಕಪ್ಪು ಗ್ರೀಸು ಸಿಡಿದ ಗೆರೆ ಇದ್ದರೆ ಬೂಟು ಹರಿದಿದೆ, ಬಿರುಕು ಕಾಣದಿದ್ದರೂ ಸರಿ.

ಆಮೇಲೆ ಸದ್ದಿನ ಪರೀಕ್ಷೆ. ಖಾಲಿ ಮೈದಾನದಲ್ಲಿ ಗಾಜು ಇಳಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮೊದಲ ಗೇರಿನಲ್ಲಿ ನಿಧಾನಕ್ಕೆ ಒಂದು ಸುತ್ತು. ನಂತರ ಇನ್ನೊಂದು ಕಡೆಗೆ ಒಂದು ಸುತ್ತು. ಚಕ್ರದ ವೇಗಕ್ಕೆ ಸರಿಯಾಗಿ ಟಕ್ ಟಕ್ ಟಕ್ ಕೇಳಿದರೆ ಹೊರಗಿನ ಜಾಯಿಂಟ್ ಸವೆದಿದೆ. ನೇರ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಗಾಡಿ ನಡುಗಿ, ಕಾಲು ತೆಗೆದರೆ ನಡುಕ ನಿಂತರೆ ಒಳಗಿನ ಜಾಯಿಂಟನ್ನು ಸಂಶಯಿಸಿ. ಆಕ್ಸಿಲರೇಟರ್‌ಗೆ ಸಂಬಂಧವೇ ಇಲ್ಲದೆ 80ರ ಮೇಲೆ ಸ್ಟಿಯರಿಂಗ್ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್. ಗುಂಯ್ ಎನ್ನುವ ಸದ್ದು ಗಾಡಿ ಎಡಬಲ ವಾಲಿದಾಗ ಏರಿಳಿದರೆ ಅದು ವೀಲ್ ಬೇರಿಂಗ್. ಈ ನಾಲ್ಕನ್ನು ಬೇರ್ಪಡಿಸಿ ಹೇಳಬಲ್ಲ ಗ್ರಾಹಕನಿಗೆ ಗ್ಯಾರೇಜಿನಲ್ಲಿ ಬೇಡದ ಆಕ್ಸಲ್ ಯಾರೂ ಹಾಕುವುದಿಲ್ಲ.

ಸದ್ದಿಲ್ಲ, ಬೂಟು ಮಾತ್ರ ಹರಿದಿದೆ ಎಂದಾದರೆ ಬೂಟು ಕಿಟ್ ಸಾಕು. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಈ ಕ್ರಮ ಗಮನಿಸಿ:

1. ಆಕ್ಸಲ್‌ನ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದು ಸಡಿಲಿಸಬೇಕು. ಜಾಕ್ ಮೇಲೆ ಗಾಡಿ ಇಟ್ಟು ಉದ್ದನೆಯ ಪೈಪ್ ಹಾಕಿ ಎಳೆದರೆ ಗಾಡಿ ಜಾಕ್‌ನಿಂದ ಜಾರುತ್ತದೆ.

2. ಗೇರ್ ಆಯಿಲ್ ಮೊದಲೇ ಇಳಿಸಬೇಕು. ಇಂಥ ಕಾರುಗಳಲ್ಲಿ ಅದು ಸುಮಾರು ಎರಡು ಲೀಟರ್ ಇರುತ್ತದೆ. ಇಳಿಸದೆ ಆಕ್ಸಲ್ ಎಳೆದರೆ ನೆಲಕ್ಕೆ ಸುರಿಯುತ್ತದೆ, ಎಷ್ಟು ಹೋಯಿತೆಂಬ ಲೆಕ್ಕವೂ ಸಿಗದು.

3. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ (ಚಕ್ರ ಕೂರುವ ಭಾಗ) ಅನ್ನು ಹೊರಕ್ಕೆ ಸರಿಸಿ ಆಕ್ಸಲ್ ಬಿಡಿಸುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆದಾಡಬಾರದು. ಆಕ್ಸಲ್ ತುದಿಗೆ ನೇರ ಸುತ್ತಿಗೆ ಹೊಡೆದರೆ ಥ್ರೆಡ್ ಕೆಡುತ್ತದೆ, ನಡುವೆ ಮರದ ತುಂಡು ಇರಲಿ.

4. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಒಣಗಿಸಬೇಕು. ಬೆರಳಿಗೆ ಮರಳಿನ ಕಣ ತಗುಲಿದರೆ ಮತ್ತೆ ತೊಳೆಯಬೇಕು. ಗುಂಡು ಓಡುವ ಜಾಡಿನಲ್ಲಿ ಉಗುರು ಸಿಕ್ಕುವಷ್ಟು ಗುಳಿ ಕಂಡರೆ ಬೂಟಿನ ಖರ್ಚು ವ್ಯರ್ಥ, ಜಾಯಿಂಟನ್ನೇ ಬದಲಿಸಿ.

5. ಕಿಟ್‌ನಲ್ಲಿ ಬರುವ ಮಾಲಿಬ್ಡಿನಂ ಬೆರೆತ ಗ್ರೀಸನ್ನು ಪೂರ್ತಿ ತುಂಬಬೇಕು. ಡಬ್ಬಿಯಲ್ಲಿರುವ ಮಾಮೂಲಿ ಗ್ರೀಸು ಬೇಡ. ಕ್ಲಾಂಪ್ ಬಿಗಿಯುವ ಮೊದಲು ಬೂಟಿನ ಬಾಯಿ ಸ್ವಲ್ಪ ಎತ್ತಿ ಒಳಗಿನ ಗಾಳಿ ಬಿಡಬೇಕು, ಇಲ್ಲದಿದ್ದರೆ ಅದು ಉಬ್ಬಿ ಬೇಗ ಹರಿಯುತ್ತದೆ.

6. ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್ ಹೊಸದಾಗಿರಲಿ. ಆಕ್ಸಲ್‌ನ ಹಲ್ಲು ಸೀಲಿನ ತುಟಿಗೆ ಉಜ್ಜದಂತೆ ನೇರ ಸೇರಿಸಬೇಕು. ಒಳಗಿನ ಲಾಕ್ ರಿಂಗ್ ಟಪ್ ಎಂದು ಕೂರಬೇಕು, ಕೈಯಲ್ಲಿ ಎಳೆದರೆ ಬರಬಾರದು. ಅದು ಕೂರದಿದ್ದರೆ ಆಕ್ಸಲ್ ಹೊರಕ್ಕೆ ಸರಿದು ಎಂಜಿನ್ ಓಡುತ್ತಿದ್ದರೂ ಗಾಡಿ ನಿಲ್ಲುತ್ತದೆ.

7. ಹಬ್ ನಟ್ ಹೊಸದು ಹಾಕಿ, ಮ್ಯಾನುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಸಬೇಕು. ಕೊನೆಗೆ ಗೇರ್ ಆಯಿಲ್ ಅನ್ನು ಫಿಲ್ಲರ್ ತೂತಿನ ಕೆಳ ಅಂಚಿಗೆ ಬರುವವರೆಗೆ ತುಂಬಬೇಕು.

ತುರ್ತಿಗೆ ಸಿಗುವ, ಸೀಳಿ ಅಂಟಿಸುವ ಬೂಟುಗಳಿವೆ. ಆಕ್ಸಲ್ ಬಿಚ್ಚದೆ ಹಾಕಬಹುದು, ನಿಜ. ಆದರೆ ಅಂಟು ಕೂರುವಷ್ಟು ಆ ಜಾಗವನ್ನು ಗ್ರೀಸಿಲ್ಲದೆ ಒರೆಸುವುದು ತುಂಬಾ ಕಷ್ಟ. ಊರು ಸೇರಲು ಮಾತ್ರ ಅದನ್ನು ನಂಬಿ.

ಗೇರು ಬದಲಿಸುವಾಗ, ಕ್ಲಚ್ ಬಿಡುವಾಗ ಮುಂದಿನಿಂದ ಧಡ್ ಎಂದರೆ ಅದು ಆಕ್ಸಲ್ ಆಗಿರಬೇಕಿಲ್ಲ, ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಧಾರ) ನೋಡಿ. ಅಡ್ಡ ಕೂತ ಎಂಜಿನ್ ಎಳೆಯುವಾಗ ಹಿಂದೆ ಮುಂದೆ ವಾಲುತ್ತದೆ, ಆ ರಬ್ಬರ್ ಹರಿದಿದ್ದರೆ ಕುಪ್ಪಳಿಸುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ ಒಂದಿಷ್ಟೇ ಬಿಡಿ. ಇನ್ನೊಬ್ಬರು ಪಕ್ಕದಿಂದ ಬಾನೆಟ್ಟಿನೊಳಗೆ ನೋಡಲಿ, ಗಾಡಿಯ ಮುಂದೆ ನಿಂತಲ್ಲ.

ಈಕೋ, ಓಮ್ನಿ ಇಟ್ಟುಕೊಂಡವರಿಗೆ

ಭಾರ ಹೊರುವ ಕೆಲಸಕ್ಕೆ ಹಿಂದಿನ ಚಕ್ರದ ವ್ಯಾನ್ ಇಂದಿಗೂ ಸರಿಯಾದ ಆಯ್ಕೆ. ತರಕಾರಿ ತುಂಬಿದಾಗ ಭಾರ ಬೀಳುವುದು ತಳ್ಳುವ ಚಕ್ರದ ಮೇಲೆಯೇ. ತುಂಬಿದ ಗಾಡಿಯ ಶೇ 56 ಹಿಂದೆ ಇದ್ದರೆ, ಆರಕ್ಕೊಂದರ ಏರಿನಲ್ಲಿ ಅದು ಶೇ 60 ಆಗುತ್ತದೆ, ಬೇಕಾದ ಹಿಡಿತ 0.28 ಮಾತ್ರ. ಖಾಲಿ ಗಾಡಿ ಮಳೆಯಲ್ಲಿ ಬೇರೆಯೇ ಸ್ವಭಾವ ತೋರಿಸುತ್ತದೆ. ತಿರುವಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಹೊರಕ್ಕೆ ಜಾರುತ್ತದೆ.

ಇಲ್ಲಿ ನೋಡಬೇಕಾದದ್ದು ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್, ಅಂದರೆ ಶಾಫ್ಟ್ ಬಾಗಲು ಬಿಡುವ ಕೂಡು ಗುರುತಿನಾಕಾರದ ಕೀಲು. ಮೊದಲ ಗೇರಿನಿಂದ ರಿವರ್ಸ್‌ಗೆ ಹಾಕಿದಾಗ ಅಡಿಯಿಂದ ಟಣ್ ಎಂದರೆ, ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ತಿರುಚಿ ನೋಡಿ. ಕ್ರಾಸ್‌ನಲ್ಲಿ ಆಟ ಕಂಡರೆ ಬದಲಿಸಿ. ಬಿಚ್ಚುವ ಮೊದಲು ಶಾಫ್ಟಿಗೂ ಡಿಫರೆನ್ಷಿಯಲ್ ಫ್ಲ್ಯಾಂಜಿಗೂ ಸೇರಿಸಿ ಒಂದು ಗೆರೆ ಎಳೆದು, ಮತ್ತೆ ಹಾಗೇ ಜೋಡಿಸಬೇಕು. ಗುರುತು ತಪ್ಪಿದರೆ ಮೊದಲಿಲ್ಲದ ನಡುಕ ಹೊಸದಾಗಿ ಶುರುವಾಗುತ್ತದೆ.

ಡಿಫರೆನ್ಷಿಯಲ್ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ. ಹಿಂದಿನ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗೆ ಜಿಎಲ್-5 ದರ್ಜೆಯ ಆಯಿಲ್ ಬೇಕು. ಗೇರ್‌ಬಾಕ್ಸಿಗೆ ಮ್ಯಾನುಯಲ್ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿ, ಉಳಿದ ಜಿಎಲ್-5 ಅಲ್ಲಿಗೆ ಸುರಿಯಬೇಡಿ. ಅದರ ರಾಸಾಯನಿಕ ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗುವುದಿಲ್ಲ. ಹೌಸಿಂಗ್ ಮೇಲಿನ ಪುಟ್ಟ ಬ್ರೀದರ್ (ಗಾಳಿ ಹೋಗುವ ತೂತು) ಕೆಸರಿನಿಂದ ಮುಚ್ಚಿದರೆ ಬಿಸಿಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಆಯಿಲ್ ಆಕ್ಸಲ್ ಸೀಲಿನಿಂದ ಹೊರಬಂದು ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಹಿಂದಿನ ಬ್ರೇಕ್ ಒಂದು ಕಡೆ ಹಿಡಿಯುತ್ತಿಲ್ಲ ಎಂದು ಲೈನಿಂಗ್ ಬದಲಿಸುವ ಮುಂಚೆ ಆ ಬ್ರೀದರ್ ಒರೆಸಿ ನೋಡಿ.

ನ್ಯಾನೊ, ಕಾಮೆಟ್, ಜಿಮ್ನಿ

ನ್ಯಾನೊದ ಭಾರ ಹಿಂದೆ, ಆದ್ದರಿಂದಲೇ ಟೈರೂ ಎರಡು ಅಳತೆಯವು: ಮುಂದೆ 135/70 ಆರ್12, ಹಿಂದೆ 155/65 ಆರ್12. ನಾಲ್ಕಕ್ಕೂ ಒಂದೇ ಅಳತೆ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಜಾರದಂತೆ ಕಂಪನಿ ಮಾಡಿದ ಲೆಕ್ಕ ಕೆಡುತ್ತದೆ. ವೇಗದ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ಒಮ್ಮೆಲೇ ತೆಗೆಯಬೇಡಿ. ವೇಗ ಇಳಿಸುವುದೇನಿದ್ದರೂ ತಿರುವಿಗೆ ಮೊದಲು.

ಎಲೆಕ್ಟ್ರಿಕ್ ಕಾರಿನಲ್ಲಿ ರೀಜನ್ ಬ್ರೇಕ್ (ಕಾಲು ತೆಗೆದಾಗ ಮೋಟರೇ ವಿದ್ಯುತ್ ಉತ್ಪಾದಿಸುತ್ತಾ ಗಾಡಿಯ ವೇಗ ಇಳಿಸುವುದು) ಹಿಡಿಯುವುದು ಮೋಟರ್ ಇರುವ ಚಕ್ರಗಳನ್ನು ಮಾತ್ರ. ಮೋಟರ್ ಹಿಂದಿರುವ ಗಾಡಿಯಲ್ಲಿ ನೆನೆದ ಇಳಿಜಾರಿನ ತಿರುವಿಗೆ ಬರುವ ಮುಂಚೆ ರೀಜನ್ ಮಟ್ಟ ಕಡಿಮೆ ಮಾಡಿಕೊಳ್ಳಿ.

ಜಿಮ್ನಿಯಂಥ ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಹಾಕಿ ಸುತ್ತಾಡಿದರೆ ತಿರುವಿನಲ್ಲಿ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಟೈರು ಸವೆಯುತ್ತದೆ. ಅದು ಕೆಸರು, ಮರಳು, ಸಡಿಲ ಜಲ್ಲಿಗೆ. 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಕಡಿಮೆ ವೇಗ, ಹೆಚ್ಚು ಬಲ) ಹಾಕುವುದು ಗಾಡಿ ನಿಂತಾಗ. ನಾಲ್ಕೂ ಟೈರಿನ ಸವೆತ ಒಂದೇ ಸಮ ಇರಲಿ.

ಟೈರು ಮತ್ತು ಟೋಯಿಂಗ್

ಮುಂದಿನ ಚಕ್ರದ ಗಾಡಿಯಲ್ಲಿ ಮುಂದಿನ ಟೈರು ಬೇಗ ಸವೆಯುತ್ತದೆ. ಎಂಟರಿಂದ ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನವನ್ನು ಅದೇ ಬದಿಯಲ್ಲಿ ನೇರ ಹಿಂದಕ್ಕೆ, ಹಿಂದಿನವನ್ನು ಎಡಬಲ ಅದಲುಬದಲು ಮಾಡಿ ಮುಂದಕ್ಕೆ ಹಾಕಿಸಿ. ಈಕೋಗೆ ಇದರ ತಿರುವುಮುರುವು: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅದಲುಬದಲಾಗಿ ಹಿಂದಕ್ಕೆ. ಬಾಣದ ಗುರುತಿನ ಟೈರನ್ನು ಬದಿ ಬದಲಿಸಬೇಡಿ. ಎರಡೇ ಹೊಸ ಟೈರು ಕೊಂಡರೆ, ಯಾವ ಜೋಡಣೆಯ ಗಾಡಿಯೇ ಆಗಲಿ, ಅವು ಹಿಂದಕ್ಕೆ. ನೀರಿನ ಮೇಲೆ ಮುಂಭಾಗ ಜಾರಿದರೆ ಕಾಲು ತೆಗೆದು ಸರಿಪಡಿಸಿಕೊಳ್ಳಬಹುದು. ಹಿಂಭಾಗ ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಹೆಚ್ಚಿನವರಿಗೆ ಅದನ್ನು ಹಿಡಿಯಲಾಗದು. ಎಳೆಯುವ ಚಕ್ರಕ್ಕೇ ಹೊಸದು ಬೇಕೆಂದು ಪಂಕ್ಚರ್ ಅಂಗಡಿಯವರು ಒತ್ತಾಯಿಸಿದರೂ ಒಪ್ಪಬೇಡಿ.

ಕೆಟ್ಟು ನಿಂತಾಗ ಎಳೆಯುವ ಚಕ್ರಗಳು ನೆಲದಿಂದ ಮೇಲಿರಬೇಕು. ಸ್ವಿಫ್ಟ್, ಆಲ್ಟೋಗಳಿಗೆ ಮುಂಭಾಗ ಎತ್ತಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ನೋಡಿ. ಈಕೋಗೆ ಹಿಂಭಾಗ ಎತ್ತಿಸಿ, ಮುಂದಿನ ಚಕ್ರ ನೇರ ಇರುವಂತೆ ಸ್ಟಿಯರಿಂಗ್ ಕಟ್ಟಿಸಿ. ಎಎಂಟಿ ಗಾಡಿ (ಕ್ಲಚ್ ಪೆಡಲ್ ಇಲ್ಲದೆ ಗೇರು ತಾನೇ ಬದಲಾಗುವಂಥದು) ಗೇರಿನಲ್ಲೇ ಸಿಕ್ಕಿಕೊಂಡು ನಿಂತಿದ್ದರೆ ಮುಂದಿನ ಚಕ್ರ ತಿರುಗುವುದೇ ಇಲ್ಲ, ತಳ್ಳಲು ಹೋಗಬೇಡಿ. ಎಲೆಕ್ಟ್ರಿಕ್ ಕಾರಿನ ಚಕ್ರ ಉರುಳಿದರೆ ಮೋಟರ್ ವಿದ್ಯುತ್ ಉತ್ಪಾದಿಸುತ್ತದೆ. ಎಲೆಕ್ಟ್ರಿಕ್ ಕಾರಿಗೂ ನಾಲ್ಕು ಚಕ್ರ ಎಳೆಯುವ ಗಾಡಿಗೂ ಫ್ಲ್ಯಾಟ್‌ಬೆಡ್ ಲಾರಿಯನ್ನೇ (ಗಾಡಿಯನ್ನು ಪೂರ್ತಿ ಮೇಲೇರಿಸಿ ಒಯ್ಯುವಂಥದು) ಕರೆಸಿ, ಫೋನಿನಲ್ಲೇ ಗಾಡಿಯ ಮಾದರಿ ಹೇಳಿ. ಹಗ್ಗ ಕಟ್ಟಿ ಎಳೆಯುವುದೊಂದೇ ದಾರಿಯಾದರೆ, ಅದು ಮ್ಯಾನುಯಲ್ ಗೇರಿನ ಗಾಡಿಗೆ, ಹತ್ತಿರದ ದೂರಕ್ಕೆ ಮಾತ್ರ: ಗೇರು ನ್ಯೂಟ್ರಲ್, ಸ್ಟಿಯರಿಂಗ್ ಲಾಕ್ ಬಿಡುವಂತೆ ಕೀ ಆನ್. ಎಂಜಿನ್ ಓಡದಿದ್ದಾಗ ಬ್ರೇಕ್ ಬೂಸ್ಟರ್ ಕೆಲಸ ಮಾಡದ್ದರಿಂದ ಪೆಡಲನ್ನು ಹಲವು ಪಟ್ಟು ಬಲದಿಂದ ತುಳಿಯಲು ತಯಾರಿರುವವರು ಸ್ಟಿಯರಿಂಗ್ ಹಿಡಿಯಲಿ.